ಆಪರೇಷನ್‌ಗೆ ಐದು ಸ್ಟಾರ್, ಅದಕ್ಕೂ ಮುಂಚಿನ ಆರು ತಾಸಿಗೆ ಎರಡೂವರೆ

ಬಲಗಡೆ ತೊಡೆಸಂದಿನ ಹರ್ನಿಯಾಕ್ಕೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೆಶ್, ಅಂದರೆ ಒಳಗೆ ಆಧಾರಕ್ಕೆ ಕೂಡಿಸುವ ಬಲೆ, ಹಾಕಿಸಿಕೊಂಡು ಬಂದಿದ್ದೇನೆ. ಮುಂಜಾನೆ ಹೋಗಿ ರಾತ್ರಿ ಮನೆಗೆ ಬರುವ ಡೇ ಕೇರ್ ಆಪರೇಷನ್. ಗಾಯ ಒಣಗಿದೆ, ನೋವಿಲ್ಲ, ಸರ್ಜನ್ ಕೈಗುಣ ಚಲೋ. ಆಪರೇಷನ್ ಬಗ್ಗೆ ಇಷ್ಟು ಸಾಕು. ಪರದೆಯ ಆಚೆ ಅವರು ಮಾಡಿದ ಕೆಲಸ ಅಳೆಯಲು ನಾನ್ಯಾರು? ನನಗೆ ಅಳೆಯಲು ಬರುವುದು ಮುಂಜಾನೆ ಆರೂವರೆಗೆ ಆಸ್ಪತ್ರೆ ಬಾಗಿಲಲ್ಲಿ ನಿಂತಾಗಿನಿಂದ ಹನ್ನೆರಡೂವರೆಗೆ ಥಿಯೇಟರಿನ ಟೇಬಲ್ ಹತ್ತುವವರೆಗಿನ ಹೊತ್ತು. ಈ ಹೊತ್ತಿನ ಬಗ್ಗೆ ಯಾರೂ ಬರೆಯುವುದಿಲ್ಲ. ಎಲ್ಲರೂ 'ಡಾಕ್ಟರು ದೇವರಂಥವರು' ಅಂತಲೋ 'ಬಿಲ್ ಜಾಸ್ತಿ ಆಯ್ತು' ಅಂತಲೋ ಬರೆದು ಮುಗಿಸುತ್ತಾರೆ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಬೇರೆ ಕಡೆ ಮಾಡಿಸಿಕೊಂಡ ನಮ್ಮ ಮಂದಿ ಹೇಳುವ ಕಥೆಯೂ ಹೆಚ್ಚುಕಡಿಮೆ ಇದೇ.

ನಾನು ಗದಗಿನವನು. ಕಸುಬು ಮುದ್ರಣ. ನಮ್ಮ ಊರಿಗೆ ಮುದ್ರಣ ಕಾಶಿ ಅಂತ ಹೆಸರಿದ್ದ ಕಾಲದಿಂದ ಮಷೀನಿನ ಮುಂದೆ ನಿಂತವನು, ಕಾಗದದ ರೀಮು ಎತ್ತಿ ಎತ್ತಿಯೇ ಹರ್ನಿಯಾ ಬಂತೆಂದು ನನ್ನ ನಂಬಿಕೆ. ಡಾಕ್ಟರ್ ಮಾತ್ರ, ಭಾರ ಒಂದೇ ಅಲ್ಲ, ಹಳೇ ಕೆಮ್ಮು, ಸಂಡಾಸಿಗೆ ಕೂತು ತಿಣುಕುವುದು, ವಯಸ್ಸು ಎಲ್ಲಾ ಸೇರಿರುತ್ತವೆ ಅಂದರು. ಇರಲಿ. ಕಸುಬಿನ ಮಾತು ಯಾಕೆ ತೆಗೆದೆ ಅಂದರೆ, ಹೊತ್ತು, ಕಾಗದ, ಸಹಿ ಈ ಮೂರರಲ್ಲಿ ನನ್ನ ಕಣ್ಣು ಸ್ವಲ್ಪ ಚೂಪು. ಮುಂದೆ ಓದುವಾಗ 'ಈ ಮನಷ್ಯಾಗ ಬ್ಯಾರೆ ಕೆಲಸಿಲ್ಲೇನು' ಅನ್ನಿಸಿದರೆ ಅದಕ್ಕೆ ಕಾರಣ ಇದು.

ಹಿಂದಿನ ದಿನ ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. "ನಾಳೆ ಮುಂಜಾನಿ ಆರೂವರಿಗೆ ಬರ್ರಿ. ರಾತ್ರಿ ಹತ್ತರಿಂದ ಏನೂ ತಿನಬ್ಯಾಡ್ರಿ, ನೀರೂ ಕುಡಿಬ್ಯಾಡ್ರಿ."

"ಆಪರೇಷನ್ ಎಷ್ಟಕ್ಕರಿ?"

"ಅದು ಡಾಕ್ಟರ್ ಬಂದ್ ಮ್ಯಾಲೆ ಗೊತ್ತಾಗ್ತೈತ್ರಿ."

"ಮತ್ತ ಬಿ.ಪಿ. ಗುಳಿಗಿ?"

ಅತ್ತ ಕಡೆ ಕಾಗದ ತಿರುವಿದ ಸಪ್ಪಳ. "ಕೇಳಿ ಹೇಳ್ತೀನ್ರಿ." ಆಮೇಲೆ ಫೋನ್ ಬರಲಿಲ್ಲ. ರಕ್ತ ಪರೀಕ್ಷೆ, ಇ.ಸಿ.ಜಿ. ಮಾಡಿಸಲು ಹೋದ ದಿನವೇ ಅರವಳಿಕೆ ವಿಭಾಗದವರು ಬಿ.ಪಿ. ಗುಳಿಗೆಯನ್ನು ಆಪರೇಷನ್ ದಿನವೂ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಲು ಹೇಳಿದ್ದರು. ಸಕ್ಕರೆ ಕಾಯಿಲೆ ಇದ್ದವರಿಗೆ ಬೇರೆ ಲೆಕ್ಕ: ಊಟವಿಲ್ಲದೆ ಆ ಗುಳಿಗೆ ನುಂಗಿದರೆ ಸಕ್ಕರೆ ಇಳಿದುಹೋಗುವ ಅಪಾಯ, ಅದಕ್ಕೆ ಮುಂಚೆಯೇ ಕೇಳಿಕೊಂಡಿರಬೇಕು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಂತೂ ಇನ್ನೂ ಮೊದಲೇ ಹೇಳಬೇಕು. ಇದೆಲ್ಲ ಆ ಫೋನಿನಲ್ಲಿ ಬರಬೇಕಿದ್ದ ಮಾತು. ಒಂದೇ ಆಸ್ಪತ್ರೆಯ ಒಬ್ಬರು ಗುಳಿಗೆ ನುಂಗಿ ಅಂತಾರೆ, ಇನ್ನೊಬ್ಬರು ನೀರು ಮುಟ್ಟಬೇಡಿ ಅಂತಾರೆ. ಪೇಶಂಟ್ ಏನು ಮಾಡಬೇಕು, ಒಣಗುಳಿಗೆ ನುಂಗಬೇಕೋ?

ನಮ್ಮ ಮನೆಯಲ್ಲಿ ಇನ್ನೊಂದು ತೊಡಕು. ನಾನು ಇಷ್ಟಲಿಂಗ ಪೂಜೆ ಮಾಡಿ ಪಾದೋದಕ ತೆಗೆದುಕೊಳ್ಳದೆ ಹೊರಗೆ ಹೆಜ್ಜೆ ಇಡುವವನಲ್ಲ. ನಾಲ್ಕಕ್ಕೆ ಎದ್ದು ಸ್ನಾನ, ಪೂಜೆ ಮುಗಿಸಿದೆ. ಅಂಗೈಯ ಆ ಎರಡು ಚಮಚ ನೀರಿನಲ್ಲೇ ಬಿ.ಪಿ. ಗುಳಿಗೆಯನ್ನೂ ನುಂಗಿದೆ. ನಮ್ಮಾಕಿ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಲ್ರೀ, ನೀರು ಮುಟ್ಟಬ್ಯಾಡ ಅಂದಾರಲ್ರಿ" ಅಂದಳು. "ಇದು ನೀರಲ್ಲ" ಅಂದೆ. ಆಕೆ ಒಪ್ಪಲಿಲ್ಲ, ಆದರೆ ಸುಮ್ಮನಾದಳು.

ರೈಲಿಗೆ ಹೋಗುವ ಮನಸ್ಸಿತ್ತು. ಆದರೆ ಹುಬ್ಬಳ್ಳಿ ಸಿದ್ಧಾರೂಢ ನಿಲ್ದಾಣದಲ್ಲಿ ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಕಟ್ಟಿ ಕೂಡಿಸಿದ್ದಾರಲ್ಲ, 1,507 ಮೀಟರ್. 2023ರಲ್ಲಿ ಉದ್ಘಾಟನೆ ಆದಾಗ ನಾವೂ ಹೆಮ್ಮೆಪಟ್ಟವರೇ. ಡಬ್ಬಿ ಯಾವ ತುದಿಗೆ ನಿಲ್ಲುತ್ತದೋ, ಹರ್ನಿಯಾ ಹಿಡಿದುಕೊಂಡು ಅಷ್ಟು ನಡೆಯುವ ಹುರುಪು ಇರಲಿಲ್ಲ. ಅಕ್ಕನ ಮಗ ಕಾರು ತಂದ. ಅಣ್ಣಿಗೇರಿ ದಾಟುವಾಗ ಚಾದಂಗಡಿ ಮುಂದೆ ಗಾಡಿ ನಿಧಾನ ಮಾಡಿದವನು, "ಸಾರಿ ಮಾಮಾ, ರೂಢಿ" ಅಂತ ಮತ್ತೆ ಗೇರ್ ಹಾಕಿದ.

ಆರೂವರೆಗೆ ಸರಿಯಾಗಿ ಹೋದೆವು. ರಿಸೆಪ್ಶನ್ನಿನಲ್ಲಿ ದೀಪ ಇತ್ತು, ಮನುಷ್ಯರಿರಲಿಲ್ಲ. ವಾಚ್‌ಮನ್ "ಏಳಕಾಲಿಗೆ ಬರ್ತಾರ್ರೀ, ಕುಂದರ್ರಿ" ಅಂದ. ಕುಂತೆವು. ನಮ್ಮಂತೆಯೇ ಕುಂತವರು ಇನ್ನೂ ಇದ್ದರು: ನವಲಗುಂದ ಕಡೆಯ ರೈತರೊಬ್ಬರು, ಮೂಲವ್ಯಾಧಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರು, ಅವರದು ಹೈಡ್ರೋಸೀಲ್, ಕುಂದಗೋಳದ ಐದಾರು ವರ್ಷದ ಹುಡುಗ, ಅವನಿಗೂ ಹರ್ನಿಯಾ, ತಾಯಿಯ ತೊಡೆ ಮೇಲೆ ಅರ್ಧ ನಿದ್ದೆಯಲ್ಲಿದ್ದ. ಮಾತಾಡುತ್ತಾ ಗೊತ್ತಾಯಿತು, ಎಲ್ಲರಿಗೂ ಆರೂವರೆಯೇ. ಥಿಯೇಟರ್ ಒಂದು, ಸರ್ಜನ್ ಒಬ್ಬರು, ಕರೆದ ಹೊತ್ತೂ ಒಂದು. ಮದುವೆ ಊಟದಲ್ಲಿ ಕಡೇ ಪಂಕ್ತಿಯವರನ್ನೂ ಮೊದಲ ಪಂಕ್ತಿಗೇ ಕರೆದು ಗೋಡೆ ಪಕ್ಕ ನಿಲ್ಲಿಸಿದಂತೆ. ವ್ಯತ್ಯಾಸ ಇಷ್ಟೇ, ಇಲ್ಲಿ ಎಲ್ಲರದೂ ರಾತ್ರಿಯಿಂದ ಖಾಲಿ ಹೊಟ್ಟೆ.

ಖಾಲಿ ಹೊಟ್ಟೆ ಯಾಕೆ ಅನ್ನುವುದನ್ನು ನಾನು ಪ್ರಶ್ನಿಸುವುದಿಲ್ಲ. ಅರವಳಿಕೆಯಲ್ಲಿ ಹೊಟ್ಟೆಯೊಳಗಿದ್ದದ್ದು ಮೇಲೆ ಬಂದು ಪುಪ್ಪುಸಕ್ಕೆ ಇಳಿದರೆ ಜೀವಕ್ಕೆ ಕುತ್ತು. ಬೆನ್ನಿಗೆ ಸೂಜಿ ಕೊಡುವುದಾದರೂ, ನಡುವೆ ಪೂರ್ತಿ ಅರವಳಿಕೆ ಕೊಡುವ ಸಂದರ್ಭ ಬಂದೀತು ಅಂತ ಅದೇ ನಿಯಮ. ನನ್ನ ಪ್ರಶ್ನೆ, ಎಷ್ಟು ಹೊತ್ತು ಅನ್ನುವುದು.

ಅಡ್ಮಿಷನ್ ಟೇಬಲ್ಲಿನ ಹುಡುಗ ಫಾರ್ಮ್ ತುಂಬುತ್ತಾ "ಬೆಳಗ್ಗೆಯಿಂದ ಏನೂ ತಗೊಂಡಿಲ್ಲಲ್ರಿ?" ಅಂದ. ಇದ್ದದ್ದು ಹೇಳಿದೆ, ನಾಲ್ಕೂವರೆಗೆ ಎರಡು ಚಮಚ ಪಾದೋದಕ, ಒಂದು ಗುಳಿಗೆ. ಅವನ ಪೆನ್ನು ನಿಂತಿತು. "ನೀರು ಕುಡುದ್ರ ಕ್ಯಾನ್ಸಲ್ ಆಗ್ತೈತ್ರಿ ಸರ್." ನಮ್ಮಾಕಿ ನನ್ನ ಮುಖ ನೋಡಿದಳು, ಆ ನೋಟಕ್ಕೆ ಬೇರೆ ವಿವರಣೆ ಬೇಡ. ಹುಡುಗ ಒಳಗೆ ಹೋದ, ಬಂದ, ಮತ್ತೆ ಹೋದ. ಕೊನೆಗೆ "ಅನಸ್ತೇಶಿಯಾ ಮೇಡಂ ಬಂದ್ ಮ್ಯಾಲೆ ನೋಡೂಣ್ರಿ" ಅಂತ ಅರ್ಜಿಯ ಮೂಲೆಯಲ್ಲಿ ಕೆಂಪು ಪೆನ್ನಿನಿಂದ 'ನೀರು' ಅಂತ ಬರೆದ.

ಮೇಡಂ ಬಂದದ್ದು ಎಂಟೂಮುಕ್ಕಾಲಿಗೆ. ಆ ಮುಂಜಾನೆಯ ಮೊದಲ ತಿಳಿವಳಿಕೆಯ ಮಾತು ಬಂದದ್ದು ಅವರಿಂದ. ಕೆಂಪು ಅಕ್ಷರ ನೋಡಿ ನಕ್ಕರು. ಅನ್ನ, ರೊಟ್ಟಿ, ಹಾಲು ಹಾಕಿದ ಚಾ ಇದಕ್ಕೆಲ್ಲ ಆರು ತಾಸು ಬಿಡಬೇಕು, ಎಣ್ಣೆ-ಕರಿದದ್ದಾದರೆ ಇನ್ನೂ ಹೆಚ್ಚು. ಬರೀ ನೀರಿಗೆ ಎರಡು ತಾಸು ಸಾಕು. "ಪಾದೋದಕ ನಾಕೂವರಿಗೆ ತಗೊಂಡೀರಿ, ಈಗೂ ಒಂದ್ ಗ್ಲಾಸ್ ನೀರ್ ಕುಡಿಬಹುದು ನೀವು, ನಿಮ್ಮ ಪಾಳಿ ಹನ್ನೊಂದರ ಒಳಗ ಬರಂಗಿಲ್ಲ" ಅಂದರು. ಎರಡು ತಾಸಿನ ಈ ಲೆಕ್ಕ ಅವರ ಸ್ವಂತದ್ದೇನಲ್ಲ, ಅರವಳಿಕೆ ತಜ್ಞರ ಮಾರ್ಗಸೂಚಿಗಳಲ್ಲೇ ಇರುವುದು. ಹಾಗಾದರೆ ಫೋನಿನಲ್ಲಿ 'ನೀರೂ ಬೇಡ' ಅಂದದ್ದು ಯಾಕೆ? ಹತ್ತು ಜನರಿಗೆ ಹತ್ತು ಹೊತ್ತು ಹೇಳುವ ಬದಲು ಎಲ್ಲರಿಗೂ ಒಂದೇ ಮಾತು ಹೇಳಿದರೆ ಆಸ್ಪತ್ರೆಗೆ ಸಲೀಸು, ಅಷ್ಟೇ.

ಮೇಡಂ ಅಲ್ಲಿಗೇ ನಿಲ್ಲಲಿಲ್ಲ. ಕುಂದಗೋಳದ ಹುಡುಗ ಅಷ್ಟೊತ್ತಿಗೆ ಎದ್ದು "ಯವ್ವಾ, ಬಿಸ್ಕೀಟ" ಶುರು ಮಾಡಿದ್ದ. ತಾಯಿ ಸೆರಗಿನ ಮರೆಯ ಪೊಟ್ಟಣವನ್ನು ನಮ್ಮಾಕಿ ಕೈಗೆ ಕೊಟ್ಟು, "ಅಕ್ಕಾರ, ಇಟ್ಕೋರ್ರಿ, ನನ್ನ ಹಂತ್ಯಾಕ ಇದ್ರ ನಾನ ಕೊಟ್ಟುಬಿಡ್ತೀನಿ" ಅಂದಿದ್ದಳು. ಪಟ್ಟಿಯಲ್ಲಿ ಹುಡುಗನ ಹೆಸರು ಮೊದಲು ಇತ್ತು, ಅದು ಆಸ್ಪತ್ರೆಯವರು ಮಾಡಿದ ಸರಿಯಾದ ಕೆಲಸ. ಆದರೆ ಸರ್ಜನ್ ಇನ್ನೊಂದು ಆಸ್ಪತ್ರೆಯ ಥಿಯೇಟರಿನಲ್ಲಿದ್ದರು. ಹುಬ್ಬಳ್ಳಿಯಲ್ಲಿ ಇದು ಹೊಸದಲ್ಲ. ಮೇಡಂ ನಮ್ಮೆದುರೇ ಸರ್ಜನ್‌ಗೆ ಫೋನ್ ಮಾಡಿ, ಹನ್ನೊಂದಕ್ಕೆ ಮುಂಚೆ ಬರುವುದಿಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಂಡು, ಹುಡುಗನಿಗೆ ಸಕ್ಕರೆ ನೀರು ಕೊಡಲು ಹೇಳಿದರು. ಸಿಸ್ಟರ್ ಅಳೆದು ತಂದ ಅರ್ಧ ಲೋಟವನ್ನು ಹುಡುಗ ಎರಡೂ ಕೈಯಲ್ಲಿ ಹಿಡಿದು ಕುಡಿದ ಪರಿ ನೋಡಬೇಕಿತ್ತು. ಒಂದು ಫೋನ್ ಕಾಲು, ಅರ್ಧ ಲೋಟ ನೀರು. ಇದಕ್ಕೆ ಎಂಟೂಮುಕ್ಕಾಲಿನ ತನಕ ಕಾಯಬೇಕಿತ್ತೇ?

ಕ್ಯಾಂಟೀನ್ ಬಗ್ಗೆ ಎರಡು ಮಾತು. ಡೇ ಕೇರ್ ವಾರ್ಡಿನ ಕಿಟಕಿ ತೆರೆದರೆ ಕೆಳಗೇ ಕ್ಯಾಂಟೀನು. ಎಂಟಕ್ಕೆ ಸೂಸಲಾಕ್ಕೆ ಒಗ್ಗರಣೆ ಬಿತ್ತು. ಆಮೇಲೆ ಮಿರ್ಚಿ. ಬ್ಯಾಡಗಿ ಸಾಹುಕಾರ್ರು ಕಣ್ಣುಮುಚ್ಚಿಯೇ "ಈ ಮೆಣಸಿನಕಾಯಿ ನಮ್ಮ ಕಡೀದಲ್ಲ" ಅಂತ ತೀರ್ಪು ಕೊಟ್ಟರು. ಕಟ್ಟಡ ಕಟ್ಟಿದವರು ಉಪವಾಸದ ವಾರ್ಡನ್ನು ಬೇರೆ ಎಲ್ಲಾದರೂ ಇಡಬಹುದಿತ್ತು.

ಇನ್ಶೂರೆನ್ಸ್ ಟೇಬಲ್ ಇನ್ನೊಂದು ಪುರಾಣ, ಚುಟುಕಾಗಿ ಹೇಳುತ್ತೇನೆ. ಡೇ ಕೇರ್ ಆಪರೇಷನ್‌ಗೆ 24 ತಾಸು ದಾಖಲಾಗಿರಲೇಬೇಕೆಂಬ ಷರತ್ತು ಇಲ್ಲ, ಹರ್ನಿಯಾ ನನ್ನ ಪಾಲಿಸಿಯಲ್ಲಿ ಬರುತ್ತದೆ. ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಪ್ರಾಧಿಕಾರ ಐ.ಆರ್.ಡಿ.ಎ.ಐ. 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಅರ್ಜಿ ಬಂದ ಒಂದು ತಾಸಿನೊಳಗೆ ಕಂಪನಿ ತನ್ನ ತೀರ್ಮಾನ ತಿಳಿಸಬೇಕು, ಮನೆಗೆ ಹೋಗುವಾಗಿನ ಕೊನೆಯ ಒಪ್ಪಿಗೆಯನ್ನು ಮೂರು ತಾಸಿನೊಳಗೆ ಕೊಡಬೇಕು. ಕಂಪನಿ ಹಾಗೇ ಕೊಟ್ಟಿತು. ಆದರೆ ಆ ತಾಸು ಶುರುವಾಗುವುದು ಆಸ್ಪತ್ರೆ ಅರ್ಜಿ ಕಳಿಸಿದ ಮೇಲೆ ತಾನೇ? ನಾನು ಹಿಂದಿನ ವಾರವೇ ಕೊಟ್ಟ ಕಾಗದಗಳನ್ನು ಅವರು ಕಳಿಸಿದ್ದು ಅದೇ ದಿನ ಎಂಟೂವರೆಗೆ. ಅಲ್ಲಿಯತನಕ ಡಿಪಾಸಿಟ್ ಕಟ್ಟಿ ಅಂದರು, ಕಟ್ಟಿದೆ. ಗೊತ್ತಾದ ತಾರೀಖಿನ ಆಪರೇಷನ್‌ಗೆ ಮುಂಚೆಯೇ ಒಪ್ಪಿಗೆ ತರಿಸಿಟ್ಟುಕೊಳ್ಳಲು ಯಾರದೂ ಅಡ್ಡಿಯಿಲ್ಲ. ನೀವು ಹೋಗುವುದಾದರೆ ಹಿಂದಿನ ದಿನ ಫೋನ್ ಬಂದಾಗ 'ಅರ್ಜಿ ಕಳಿಸೀರೇನ್ರಿ?' ಅಂತ ಕೇಳಿ.

ಈಗ ನನ್ನ ಕಸುಬಿನ ಭಾಗ, ಒಪ್ಪಿಗೆ ಪತ್ರ. ಝೆರಾಕ್ಸಿನ ಝೆರಾಕ್ಸಿನ ಝೆರಾಕ್ಸು. ಒತ್ತಕ್ಷರಗಳೆಲ್ಲ ತುಂಬಿಹೋಗಿ ಕಪ್ಪು ಚುಕ್ಕಿಗಳಾಗಿವೆ, ಬಲ ಅಂಚಿನಲ್ಲಿ ಪ್ರತಿ ಸಾಲಿನ ಕೊನೆಯ ಅಕ್ಷರ ಕತ್ತರಿಸಿ ಹೋಗಿದೆ. 'ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ' ಅನ್ನುವ ಸಾಲೇ ಓದಲು ಬಾರದ ಹಾಗಿತ್ತು. ಅದೂ ಹೋಗಲಿ. ಆಪರೇಷನ್ನಿನ ಹೆಸರಿನ ಜಾಗ ಖಾಲಿ, ಡಾಕ್ಟರ ಹೆಸರಿನ ಜಾಗ ಖಾಲಿ, 'ಎಡ/ಬಲ' ಎರಡೂ ಹಾಗೇ ಇವೆ, ಕೆಳಗೆ ಪೆನ್ಸಿಲಿನಲ್ಲಿ ಗುಣಾಕಾರ ಚಿಹ್ನೆ ಹಾಕಿ "ಇಲ್ಲೆ ಸಹಿ ಮಾಡ್ರಿ ಸರ್".

"ಇದನ್ನ ತುಂಬಿ ಕೊಡ್ರಿ, ಮಾಡ್ತೀನಿ."

"ಆಮ್ಯಾಲೆ ತುಂಬತೀವ್ರಿ. ಎಲ್ಲಾರೂ ಹಂಗ ಮಾಡ್ತಾರ್ರೀ."

ಮೂವತ್ತು ವರ್ಷದಿಂದ ಗಿರಾಕಿಗೆ ಪ್ರೂಫ್ ತೋರಿಸಿ, ಸಹಿ ಹಾಕಿಸಿಕೊಂಡು, ಆಮೇಲೆ ಮಷೀನಿಗೆ ಏರಿಸುವ ಮನುಷ್ಯ ನಾನು. ಖಾಲಿ ಹಾಳೆಗೆ ಸಹಿ ಹಾಕುವುದು ಹೆಂಗೆ? ಜಗಳ ಮಾಡಲಿಲ್ಲ, ಪೆನ್ನು ಕೆಳಗಿಟ್ಟು ಸುಮ್ಮನೆ ಕುಂತೆ. ಹದಿನೈದು ನಿಮಿಷದ ಮೇಲೆ ಜೂನಿಯರ್ ಡಾಕ್ಟರೊಬ್ಬರು ಬಂದು ಎಲ್ಲಾ ತುಂಬಿ, 'ಎಡ' ಹೊಡೆದುಹಾಕಿ, ಏನು ಮಾಡುತ್ತಾರೆ, ಮೆಶ್ ಯಾಕೆ, ರಕ್ತ ಕಟ್ಟುವುದು, ಸೋಂಕು, ಮರುಕಳಿಸುವುದು, ಕೆಲವರಿಗೆ ಬಹುದಿನ ಉಳಿಯುವ ನೋವು, ಎಲ್ಲಾ ಬಿಡಿಸಿ ಹೇಳಿದರು. ಚಲೋ ಹುಡುಗ. ಹಿಂದೆಯೇ ಕುಂತಿದ್ದ ನವಲಗುಂದದ ಯಜಮಾನರು ಅದನ್ನೆಲ್ಲ ಕೇಳಿಸಿಕೊಂಡು, "ಡಾಕ್ಟರ್ರ, ನನ್ನ ಕಾಗದನೂ ಒಂಚೂರು ತಗದ ತರ್ರಿ, ನಾ ಸಹಿ ಮಾಡೇಬಿಟ್ಟೀನಿ" ಅಂದರು. ತಂದರು, ತುಂಬಿದರು, ವಿವರಿಸಿದರು. ಇದಕ್ಕೆ ಅಂಕ ಕೊಡಲೋ, ಕಳೆಯಲೋ?

ಒಂಬತ್ತೂವರೆ ಮೇಲೆ ಕೆಲಸ ಚುರುಕಾಯಿತು. ಕೈಗೆ ಹೆಸರಿನ ಪಟ್ಟಿ. ಮುಂಗೈಗೆ ಸೂಜಿ, ಸಿಸ್ಟರ್ ಒಂದೇ ಸಲಕ್ಕೆ ನರ ಹಿಡಿದಳು. ಕೂದಲು ತೆಗೆಯಲು ಬ್ಲೇಡ್ ತರುತ್ತಾರೆಂದು ಹೆದರಿದ್ದೆ, ಟ್ರಿಮ್ಮರ್ ತಂದರು. ಬ್ಲೇಡಿನಿಂದ ಕಣ್ಣಿಗೆ ಕಾಣದ ಗೀರು ಬಿದ್ದು ಸೋಂಕಿಗೆ ದಾರಿಯಾಗುತ್ತದೆ ಅಂತ ಈಗ ಅದನ್ನು ಬಿಟ್ಟಿದ್ದಾರಂತೆ. ಜೂನಿಯರ್ ಡಾಕ್ಟರ್ ಮಾರ್ಕರ್ ಪೆನ್ನಿನಿಂದ ಬಲಗಡೆ ಬಾಣದ ಗುರುತು ಹಾಕಿದರು. ಆ ಆಸ್ಪತ್ರೆಯಲ್ಲಿ ನಾನು ನೋಡಿದ ಅತ್ಯಂತ ಸ್ಪಷ್ಟ ಮುದ್ರಣ ಅದೇ.

ಆಮೇಲೆ ಬಂತು ಲಿಂಗದ ಪ್ರಶ್ನೆ. ಉಂಗುರ, ಉಡದಾರ, ವಾಚು ಬಿಚ್ಚಿ ನಮ್ಮಾಕಿ ಕೈಗೆ ಕೊಟ್ಟಾಯಿತು. ಕೊರಳಲ್ಲಿ ಶಿವದಾರ, ಬೆಳ್ಳಿ ಕರಡಿಗೆ. ಇದನ್ನು ಮೈಯಿಂದ ಬೇರೆ ಮಾಡುವುದಿಲ್ಲ, ಮಾಡಬಾರದು. ಮನೆಯಿಂದ ಹೊರಟಾಗಿನಿಂದ ನನ್ನ ನಿಜವಾದ ಆತಂಕ ಇದೇ ಇತ್ತು, ಸೂಜಿಯದಲ್ಲ. ವಾರ್ಡ್ ಹುಡುಗ "ಏನೂ ಇರಬಾರದ್ರಿ, ರೂಲ್ಸ್" ಅಂದ. ಸಿಸ್ಟರ್ ಅವನನ್ನು ಆಚೆ ಕಳಿಸಿದಳು. ಮಂಗಳೂರು ಕಡೆಯ ಮಾತು ಆಕೆಯದು, ಆದರೆ ಇಲ್ಲಿನ ಮಂದಿಯ ನಡುವೆ ಬಹಳ ದಿನದಿಂದ ಇದ್ದವಳು ಅಂತ ಗೊತ್ತಾಗುತ್ತಿತ್ತು.

"ಕಾಕಾ, ಬೆಳ್ಳಿ ಮಾತ್ರ ಬೇಡ. ಒಳಗೆ ಕರೆಂಟಿನ ಚಾಕು ಬಳಸ್ತಾರೆ, ಮೈಮೇಲೆ ಲೋಹ ಇದ್ರೆ ಸುಟ್ಟುಬಿಡಬಹುದು. ಕರಡಿಗೆ ಅಮ್ಮನ ಹತ್ರ ಇರ್ಲಿ. ಲಿಂಗ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟುವ, ಆಗ್ಬಹುದಾ?"

ಆಗಬಹುದು ಅಂದೆ. ಹೊಸ ಗಾಜ್ ಬಟ್ಟೆ ತಂದಳು. "ನಾನು ಮುಟ್ಟುದಿಲ್ಲ, ನೀವೇ ಇಡಿ" ಅಂದಳು. ನಾನು ಕರಡಿಗೆ ತೆರೆದು, ಲಿಂಗ ಅಂಗೈಗೆ ತೆಗೆದುಕೊಂಡು, ಬಟ್ಟೆಯಲ್ಲಿಟ್ಟು ಮಡಚಿದೆ. ಸೂಜಿ ಇಲ್ಲದ ಎಡತೋಳಿನ ಮೇಲ್ಭಾಗಕ್ಕೆ ಆಕೆ ಬ್ಯಾಂಡೇಜ್ ಸುತ್ತಿದಳು, ಬಿಗಿಯೂ ಅಲ್ಲ, ಸಡಿಲೂ ಅಲ್ಲ. ಬಿ.ಪಿ. ಪಟ್ಟಿ ಕಾಲಿಗೆ ಕಟ್ಟಲು ಹೇಳುತ್ತೇನೆ ಅಂದಳು. ಕೇಸ್ ಶೀಟಿನಲ್ಲಿ 'ಎಡತೋಳಿನಲ್ಲಿ ಇಷ್ಟಲಿಂಗ, ತೆಗೆಯಬಾರದು' ಅಂತ ಬರೆದು, ಅದರ ಕೆಳಗೆ ಗೆರೆ ಎಳೆದಳು. ಎರಡು ನಿಮಿಷದ ಕೆಲಸ. ನಮ್ಮಾಕಿ ಬೆಳ್ಳಿ ಕರಡಿಗೆ ಸೆರಗಿನಲ್ಲಿ ಕಟ್ಟಿಕೊಂಡಳು. ಆ ಸಿಸ್ಟರ್‌ಗೆ ಐದಕ್ಕೆ ಐದು, ಸಾಧ್ಯವಿದ್ದರೆ ಪಗಾರವನ್ನೂ ಏರಿಸಿ.

ಮುಂದೆ ಕಾಯುವುದೇ ಕಾಯುವುದು. ಸರ್ಜನ್ ಬಂದಾಗ ಹನ್ನೊಂದು ಹೊಡೆದಿತ್ತು. ಮೊದಲು ಹುಡುಗ ಒಳಗೆ ಹೋದ, ತಾಯಿ ಬಾಗಿಲ ತನಕ ಹೋಗಿ ಬಂದು ನಮ್ಮಾಕಿ ಪಕ್ಕ ಕುಂತಳು. ಹಿಂದೆ ದಾರ ಕಟ್ಟುವ ಹಸಿರು ನಿಲುವಂಗಿಯಲ್ಲಿ ನಾನು ಎ.ಸಿ.ಗೆ ನಡುಗುತ್ತಾ ಕುಂತಿದ್ದೆ. ಕಂಬಳಿ ಕೇಳಿದರೆ ಕೊಡುತ್ತಾರೆ, ಕೇಳಬೇಕು ಅಷ್ಟೇ. ನಮ್ಮಾಕಿಯೂ ಏನೂ ತಿಂದಿರಲಿಲ್ಲ. "ನೀ ಹೋಗಿ ಫರಾಳ ಮಾಡ್ಕೊಂಡ್ ಬಾ" ಅಂದರೆ "ಸೂಸಲಾ ವಾಸನಿಗೇ ಹೊಟ್ಟಿ ತುಂಬೇತಿ" ಅಂದಳು. ನಾನು ಒಳಗೆ ಹೋದ ಮೇಲೆ ಅಳಿಯನ ಜೊತೆ ಎರಡು ಪ್ಲೇಟ್ ತಿಂದಳಂತೆ, ಮಿರ್ಚಿ ಸಮೇತ.

ಹನ್ನೆರಡೂಕಾಲಿಗೆ ಕರೆ ಬಂತು, ನಡೆದೇ ಹೋದೆ. ಥಿಯೇಟರ್ ಬಾಗಿಲಲ್ಲಿ ಹೆಸರೇನು, ಯಾವ ಆಪರೇಷನ್, ಯಾವ ಕಡೆ ಅಂತ ಕೇಳಿದರು. ಒಳಗೆ ಹೋದ ಮೇಲೆ ಮತ್ತೆ ಅದೇ. ಟೇಬಲ್ ಹತ್ತಿದ ಮೇಲೆ ಇನ್ನೊಮ್ಮೆ. ಬ್ಯಾಡಗಿಯವರಿಗೆ ಇದು ಸಿಟ್ಟು ತರಿಸಿತಂತೆ, ಇಷ್ಟು ಸಲ ಕೇಳ್ತಾರಂದ್ರ ಇವರಿಗೇ ಖಾತ್ರಿ ಇಲ್ಲೇನು ಅಂತ. ನನಗೆ ಸಮಾಧಾನ ಆಯಿತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಪಟ್ಟಿ ಇದೆ, ಅರವಳಿಕೆಗೆ ಮುಂಚೆ, ಕತ್ತರಿಸುವ ಮುಂಚೆ, ಥಿಯೇಟರ್ ಬಿಡುವ ಮುಂಚೆ ಓದಿ ಖಾತ್ರಿಪಡಿಸಿಕೊಳ್ಳಬೇಕಾದದ್ದು. ಅಚ್ಚಿಗೆ ಹೋಗುವ ಮುಂಚೆ ಹತ್ತು ಸಲ ನೋಡುವವನಿಗೆ ಇದರಲ್ಲಿ ಸಿಟ್ಟು ಬರುವಂಥದ್ದೇನಿದೆ?

ಒಟ್ಟಿನಲ್ಲಿ, ಅರವಳಿಕೆ ಮೇಡಂ, ಸಿಸ್ಟರ್, ಜೂನಿಯರ್ ಡಾಕ್ಟರ್, ಥಿಯೇಟರಿನ ಮಂದಿ ಎಲ್ಲರಿಗೂ ಪೂರ್ತಿ ಅಂಕ. ಫೋನ್ ಮಾಡಿದವರು, ರಿಸೆಪ್ಶನ್, ಇನ್ಶೂರೆನ್ಸ್ ಟೇಬಲ್, ಆರೂವರೆಗೆ ಎಲ್ಲರನ್ನೂ ಕರೆಯುವ ಪದ್ಧತಿ, ಇವುಗಳಿಗೆ ಸೊನ್ನೆ. ಸರಾಸರಿ ಎರಡೂವರೆ. ಅಕ್ಕನ ಮಗನಿಗೆ ಹರ್ನಿಯಾ ಆದರೆ ಇಲ್ಲಿಗೇ ಕರೆತರುತ್ತೇನೆ. ಆದರೆ ಹಿಂದಿನ ದಿನವೇ ಅರವಳಿಕೆ ಡಾಕ್ಟರ ಬಾಯಿಂದಲೇ ಕೇಳಿಕೊಳ್ಳುತ್ತೇನೆ: ಕಡೇ ಊಟ ಎಷ್ಟಕ್ಕೆ, ಕಡೇ ನೀರು ಎಷ್ಟಕ್ಕೆ, ಪಟ್ಟಿಯಲ್ಲಿ ಎಷ್ಟನೆಯವನು.

ಮನೆಗೆ ಬಂದ ಮೇಲೆ ಅಭಿಪ್ರಾಯ ಕೇಳುವ ಮೆಸೇಜ್ ಬಂತು. ಡಾಕ್ಟರ್ ಹೇಗೆ, ಸ್ವಚ್ಛತೆ ಹೇಗೆ, ಊಟ ಹೇಗೆ. ಕಾಯ್ದ ಹೊತ್ತಿನ ಬಗ್ಗೆ ಪ್ರಶ್ನೆಯೇ ಇಲ್ಲ. 'ಇತರೆ' ಅನ್ನುವ ಡಬ್ಬಿಯಲ್ಲಿ ಇದನ್ನೆಲ್ಲ ಬರೆದೆ. ಎರಡು ದಿನದಲ್ಲಿ ಮ್ಯಾನೇಜರ್ ಫೋನ್ ಮಾಡಿದರು, ಅದಕ್ಕೆ ಅವರನ್ನು ಮೆಚ್ಚಬೇಕು.

"ಸರ್ಜನ್ ಯಾವಾಗ ಬರ್ತಾರಂತ ನಮಗೂ ಖಾತ್ರಿ ಇರಂಗಿಲ್ರಿ ಸರ್."

"ಮೊದಲ ಇಬ್ಬರನ್ನ ಆರೂವರಿಗೆ ಕರೀರಿ, ಉಳಿದವರನ್ನ ಒಂಬತ್ತಕ್ಕ ಕರೀರಿ. ಅಷ್ಟಕ್ಕ ಯಾರ ಖಾತ್ರಿ ಬೇಕ್ರಿ?"

"ನೋಡ್ತೀವ್ರಿ ಸರ್."

"ಮತ್ತ ಆ ಒಪ್ಪಿಗಿ ಪತ್ರ ಕಳಿಸಿಕೊಡ್ರಿ, ನಾನ ಹೊಸದಾಗಿ ಕಂಪೋಸ್ ಮಾಡಿ ಕೊಡ್ತೀನಿ."

"ಕೊಟೇಶನ್ ಕಳಿಸ್ರಿ ಸರ್, ಪರ್ಚೇಸ್‌ನವರಿಗೆ ಹೇಳ್ತೀನಿ."

ಫುಕಟ್ ಅಂತ ಎರಡು ಸಲ ಹೇಳಿದೆ. ಫುಕಟ್ ಆದರೂ ಕೊಟೇಶನ್ ಬೇಕಂತೆ. ಸೊನ್ನೆ ರೂಪಾಯಿಯ ಕೊಟೇಶನ್ ಒಂದನ್ನು ಲೆಟರ್‌ಹೆಡ್ ಮೇಲೆ ಟೈಪ್ ಮಾಡಿ, ಸೀಲ್ ಒತ್ತಿ ಕಳಿಸಿದ್ದೇನೆ.